ಚೆಂಡು ದಪ್ಪವಾಗಿ ತಾಗುವುದೇಕೆ? ಪೂಲ್, ಸ್ನೂಕರ್, ಬಿಲಿಯರ್ಡ್ಸ್‌ನಲ್ಲಿ ಗುರಿ ಹಿಡಿಯುವ ಪದ್ಧತಿಗಳು

ಹಾಸನದ ಪೂಲ್ ಹಾಲ್‌ಗಳಲ್ಲಿ ಒಂದು ಸಂಜೆ ಗೋಡೆ ಬದಿಯ ಬೆಂಚಿನ ಮೇಲೆ ಕುಳಿತು ಹೊಸಬರ ಆಟವನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತಪ್ಪಿದ ಹೊಡೆತಗಳು ಪಾಕೆಟ್ಟಿನ ಎರಡೂ ಬದಿಗೆ ಸಮನಾಗಿ ಹಂಚಿಹೋಗುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಒಂದೇ ಬದಿಗೆ ತಪ್ಪುತ್ತವೆ. ಬಿಳಿ ಚೆಂಡು ತಾಗಬೇಕಾದದ್ದಕ್ಕಿಂತ ದಪ್ಪವಾಗಿ, ಅಂದರೆ ಎದುರಿನ ಚೆಂಡಿನ ನಡುವಿಗೆ ಹೆಚ್ಚು ಹತ್ತಿರವಾಗಿ, ತಾಗುತ್ತದೆ, ಆ ಚೆಂಡು ತಿರುಗಬೇಕಾದಷ್ಟು ತಿರುಗದೆ ಪಾಕೆಟ್ಟಿನ ಬಾಯಿಯ ಅಂಚಿಗೆ ಬಡಿದು ಹೊರಳಿಬರುತ್ತದೆ. ಆಟಗಾರ ಇದನ್ನು ಕೈ ನಡುಗಿತೆಂದೋ ಅದೃಷ್ಟ ಕೆಟ್ಟಿತೆಂದೋ ತಿಳಿಯುತ್ತಾನೆ. ಆದರೆ ಒಂದೇ ಬದಿಗೆ ಪದೇ ಪದೇ ಆಗುವ ತಪ್ಪಿಗೆ ಕಾರಣ ಇದ್ದೇ ಇರುತ್ತದೆ. ಇಲ್ಲಿ ಕಾರಣಗಳು ಎರಡು: ಒಂದು ನೋಡುವ ರೀತಿಯಲ್ಲಿದೆ, ಇನ್ನೊಂದು ಚೆಂಡುಗಳ ನಡುವಿನ ಘರ್ಷಣೆಯಲ್ಲಿದೆ. ಮೊದಲನೆಯದನ್ನು ಗುರಿ ಹಿಡಿಯುವ ಪದ್ಧತಿ ಸರಿಪಡಿಸುತ್ತದೆ. ಎರಡನೆಯದನ್ನು ಯಾವ ಪದ್ಧತಿಯೂ ಪೂರ್ತಿ ಸರಿಪಡಿಸುವುದಿಲ್ಲ. ಅದನ್ನು ತಿಳಿದುಕೊಂಡು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಈ ಲೇಖನದಲ್ಲಿ ಕ್ಯೂ ಎಂಬ ಕೋಲಿನಿಂದ ಹೊಡೆಯುವ ಚೆಂಡನ್ನು ಬಿಳಿ ಚೆಂಡು ಎಂದೂ, ಪಾಕೆಟ್ಟಿಗೆ ಹಾಕಬೇಕಾದ ಚೆಂಡು ಕೆಂಪಾಗಿರಲಿ ಪಟ್ಟೆಯದಾಗಿರಲಿ, ಅದನ್ನು ಬಣ್ಣದ ಚೆಂಡು ಎಂದೂ ಕರೆಯುತ್ತೇನೆ. ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ., ಸ್ನೂಕರ್ ಮತ್ತು ಬಿಲಿಯರ್ಡ್ಸ್ ಚೆಂಡಿನದು 52.5 ಮಿ.ಮೀ. ಅಳತೆ ಬೇರೆಯಾದರೂ ಎರಡು ಚೆಂಡುಗಳು ಒಂದೇ ಗಾತ್ರದವಾಗಿರುವವರೆಗೆ ಗುರಿಯ ರೇಖಾಗಣಿತ ಎಲ್ಲ ಆಟಗಳಿಗೂ ಒಂದೇ. ಬೆಂಗಳೂರಿನ ಪಂಕಜ್ ಅಡ್ವಾಣಿಯವರು ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡರಲ್ಲೂ ವಿಶ್ವ ಪ್ರಶಸ್ತಿಗಳನ್ನು ಗೆದ್ದಿದ್ದಾರೆ. ಆಟದ ತಂತ್ರಗಳು ಎಷ್ಟು ಬೇರೆಯಾದರೂ ಎರಡು ಗೋಳಗಳು ಸಂಧಿಸುವ ನಿಯಮ ಬದಲಾಗುವುದಿಲ್ಲ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಕೆಲವು ಹಾಲ್‌ಗಳಲ್ಲಿ ಕಳೆದುಹೋದ ಬಿಳಿ ಚೆಂಡಿನ ಬದಲಿಗೆ ಬೇರೆ ಸೆಟ್ಟಿನ ಚೆಂಡನ್ನು ತಂದಿಟ್ಟಿರುತ್ತಾರೆ. ಆಟಕ್ಕೆ ಮೊದಲು ಅದನ್ನು ಬಣ್ಣದ ಚೆಂಡಿನ ಪಕ್ಕಕ್ಕಿಟ್ಟು, ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿ ಎತ್ತರವನ್ನು ಹೋಲಿಸಿ ನೋಡಿ. ಗಾತ್ರ ಬೇರೆಯಿದ್ದರೆ ಮುಂದೆ ಹೇಳುವ ಲೆಕ್ಕಗಳು ಸ್ವಲ್ಪ ತಪ್ಪುತ್ತವೆ.

ಗುರಿಗೆ ಮೊದಲು ಗೆರೆ

ಕ್ಯೂ ನೇರವಾಗಿ ಹೋಗದಿದ್ದರೆ ಯಾವ ಪದ್ಧತಿಯೂ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಮೊದಲ ಹೆಜ್ಜೆಯಲ್ಲಿ ಬಣ್ಣದ ಚೆಂಡೇ ಬೇಡ. ಸ್ನೂಕರ್ ಮೇಜಿನಲ್ಲಿ ಬಿಳಿ ಚೆಂಡನ್ನು ಕಂದು ಚೆಂಡಿನ ಸ್ಥಾನದಲ್ಲಿಟ್ಟು, ನೀಲಿ, ಗುಲಾಬಿ, ಕಪ್ಪು ಚೆಂಡುಗಳ ಗುರುತುಗಳ ಮೇಲೆ ಹಾಯುವಂತೆ ಉದ್ದಕ್ಕೆ ಹೊಡೆಯಿರಿ. ಅದು ಎದುರು ಕುಶನ್ನಿಗೆ, ಅಂದರೆ ಮೇಜಿನ ರಬ್ಬರ್ ಅಂಚಿಗೆ, ತಾಗಿ ಅದೇ ಗುರುತುಗಳ ಮೇಲೆ ಮರಳಿ ನಿಮ್ಮ ಕ್ಯೂನ ಟಿಪ್ಪಿಗೇ ಬಂದು ತಾಗಬೇಕು. ಹೊಡೆದ ಮೇಲೆ ಕ್ಯೂವನ್ನು ಹಿಂದಕ್ಕೆಳೆಯದೆ, ತಲೆ ಎತ್ತದೆ, ಹಾಗೆಯೇ ಇರಬೇಕು. ಪೂಲ್ ಮೇಜಿನಲ್ಲಿ ಉದ್ದದ ನಡುಗೆರೆಯ ಮೇಲೆ ಇದೇ ಪರೀಕ್ಷೆಯನ್ನು ಮಾಡಬಹುದು. ಚೆಂಡು ಮರಳುವಾಗ ಯಾವಾಗಲೂ ಬಲಕ್ಕೇ ಅಥವಾ ಯಾವಾಗಲೂ ಎಡಕ್ಕೇ ಸರಿದರೆ, ನೀವು ನಡುವೆಂದು ನಂಬಿ ಹೊಡೆಯುತ್ತಿರುವ ಜಾಗ ನಡುವಲ್ಲ, ನಿಮಗೆ ತಿಳಿಯದಂತೆ ಚೆಂಡಿಗೆ ಸೈಡ್, ಅಂದರೆ ಬದಿಗೆ ತಾಗಿ ಬರುವ ಸುತ್ತು, ಬೀಳುತ್ತಿದೆ ಎಂದರ್ಥ. ಹತ್ತರಲ್ಲಿ ಏಳು ಬಾರಿಯಾದರೂ ಚೆಂಡು ಟಿಪ್ಪಿನ ಆಸುಪಾಸಿಗೆ ಬರುವವರೆಗೆ ಮುಂದಿನ ಹೆಜ್ಜೆಗೆ ಹೋಗಬೇಡಿ. ಇದು ಬೇಸರದ ಅಭ್ಯಾಸ ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ಈ ಹೆಜ್ಜೆಯನ್ನು ಹಾರಿಸಿದವರು ತಮ್ಮ ಕ್ಯೂನ ಸೊಟ್ಟವನ್ನು ಸರಿದೂಗಿಸಲು ಗುರಿಯನ್ನೇ ಸೊಟ್ಟಗೆ ಹಿಡಿಯುವುದನ್ನು ಕಲಿಯುತ್ತಾರೆ, ಆಮೇಲೆ ಅದನ್ನು ಮರೆಯುವುದು ಬಹಳ ಕಷ್ಟ.

ಕಣ್ಣಿನ ವಿಷಯವೂ ಇದಕ್ಕೇ ಸೇರಿದ್ದು. ನಮ್ಮ ಎರಡು ಕಣ್ಣುಗಳಲ್ಲಿ ಸಾಮಾನ್ಯವಾಗಿ ಒಂದು ಪ್ರಬಲವಾಗಿರುತ್ತದೆ. ಎರಡೂ ಕೈಗಳನ್ನು ಮುಂದೆ ಚಾಚಿ, ಅಂಗೈಗಳ ನಡುವೆ ಚಿಕ್ಕ ಕಿಂಡಿ ಮಾಡಿ, ದೂರದ ಪಾಕೆಟ್ಟನ್ನು ಆ ಕಿಂಡಿಯಲ್ಲಿ ಎರಡೂ ಕಣ್ಣು ತೆರೆದು ನೋಡಿರಿ. ಅನಂತರ ಒಂದೊಂದೇ ಕಣ್ಣು ಮುಚ್ಚಿದರೆ, ಯಾವ ಕಣ್ಣಿಗೆ ಪಾಕೆಟ್ ಕಿಂಡಿಯಲ್ಲಿಯೇ ಉಳಿಯುತ್ತದೆಯೋ ಅದು ಪ್ರಬಲ ಕಣ್ಣು. ಆದರೆ ಕ್ಯೂ ಕಡ್ಡಾಯವಾಗಿ ಆ ಕಣ್ಣಿನ ಕೆಳಗೇ ಇರಬೇಕೆಂಬ ನಿಯಮವಿಲ್ಲ. ಇಂಗ್ಲೆಂಡಿನ ಹಿಂದಿನ ಸ್ನೂಕರ್ ಚಾಂಪಿಯನ್ ಜೋ ಡೇವಿಸ್ ಅವರ ಬಲಗಣ್ಣು ದುರ್ಬಲವಾಗಿದ್ದುದರಿಂದ ಅವರು ಕ್ಯೂವನ್ನು ಎಡಗಣ್ಣಿನ ಕೆಳಗೆ ಓಡಿಸುತ್ತಿದ್ದರು. ಗಲ್ಲದ ನಡುವೆ ಓಡಿಸುವವರೂ ಇದ್ದಾರೆ. ನೇರ ಹೊಡೆತವೊಂದನ್ನು ಇಟ್ಟುಕೊಂಡು, ತಲೆಯನ್ನು ಬೆರಳಗಲದಷ್ಟು ಅತ್ತಿತ್ತ ಸರಿಸುತ್ತ, ಬಿಳಿ ಚೆಂಡು, ಬಣ್ಣದ ಚೆಂಡು, ಪಾಕೆಟ್ ಮೂರೂ ಒಂದೇ ಗೆರೆಯಲ್ಲಿ ಕಾಣುವ ಜಾಗವನ್ನು ಹುಡುಕಿಕೊಳ್ಳಿ. ಆ ಜಾಗವೇ ನಿಮ್ಮದು. ಪ್ರತಿ ಹೊಡೆತದಲ್ಲಿಯೂ ತಲೆ ಅಲ್ಲಿಗೇ ಬರಬೇಕು. ಇದಕ್ಕಾಗಿ ಗುರಿಯ ಗೆರೆಯನ್ನು ನಿಂತಿರುವಾಗಲೇ ನಿರ್ಧರಿಸಿ, ಆ ಗೆರೆಯೊಳಕ್ಕೆ ಹೆಜ್ಜೆಯಿಟ್ಟು ಬಾಗಬೇಕೇ ಹೊರತು, ಬಾಗಿದ ಮೇಲೆ ಗುರಿಯನ್ನು ಹುಡುಕಬಾರದು.

ಕಾಣದ ಚೆಂಡು

ಚಿಕ್ಕಮಗಳೂರಿನ ಕ್ಲಬ್ಬೊಂದರಲ್ಲಿ ನಾನು ಆಟ ಕಲಿಯುತ್ತಿದ್ದಾಗ ಅಲ್ಲಿ ಮೇಜು ನೋಡಿಕೊಂಡು ಅಂಕ ಬರೆಯುವ ಹಿರಿಯ ಮಾರ್ಕರ್ ಅರ್ಧ ಗಂಟೆ ನನ್ನ ಹೊಡೆತಗಳನ್ನು ನೋಡಿ, “ಚೆಂಡಿಗೆ ಹೊಡೀಬೇಡಿ ಸಾರ್. ಚೆಂಡಿನ ಹಿಂದೆ ಖಾಲಿ ಜಾಗ ಐತಲ್ಲ, ಅಲ್ಲಿಗೆ ಬಿಳಿ ಚೆಂಡನ್ನ ಕಳಿಸಿ, ಸಾಕು” ಎಂದಿದ್ದರು. ಪುಸ್ತಕಗಳಲ್ಲಿ ಘೋಸ್ಟ್ ಬಾಲ್ ಎಂದು ಕರೆಯುವ, ಕನ್ನಡದಲ್ಲಿ ಕಾಣದ ಚೆಂಡು ಎನ್ನಬಹುದಾದ ಪದ್ಧತಿಯ ಸಾರವೆಲ್ಲ ಆ ಮಾತಿನಲ್ಲಿತ್ತು. ಬಣ್ಣದ ಚೆಂಡು ಪಾಕೆಟ್ಟಿನ ಕಡೆಗೆ ಹೊರಡಬೇಕಾದರೆ, ತಾಗುವ ಕ್ಷಣದಲ್ಲಿ ಬಿಳಿ ಚೆಂಡು ಅದರ ಬೆನ್ನಿಗೆ, ಪಾಕೆಟ್ಟಿಗೆ ನೇರ ಎದುರು ಬದಿಯಲ್ಲಿ ಅಂಟಿಕೊಂಡಿರಬೇಕು. ಆ ಜಾಗದಲ್ಲಿ ಒಂದು ಚೆಂಡು ಈಗಾಗಲೇ ಕುಳಿತಿದೆಯೆಂದು ಕಲ್ಪಿಸಿಕೊಂಡು, ಬಿಳಿ ಚೆಂಡಿನ ನಡುವನ್ನು ಅದರ ನಡುವಿಗೆ ಕಳುಹಿಸಬೇಕು. ಎರಡೂ ಚೆಂಡುಗಳ ನಡುಬಿಂದುಗಳ ಅಂತರ ಆಗ ಸರಿಯಾಗಿ ಒಂದು ವ್ಯಾಸದಷ್ಟು, ಅಂದರೆ ಪೂಲ್‌ನಲ್ಲಿ ಸುಮಾರು 57 ಮಿ.ಮೀ. ಇರುತ್ತದೆ.

ಕೇರಂ ಆಡಿ ಬೆಳೆದವರಿಗೆ ಈ ಕಲ್ಪನೆ ಹೊಸದಲ್ಲ. ಸ್ಟ್ರೈಕರ್‌ನ ವ್ಯಾಸ ಸುಮಾರು 41 ಮಿ.ಮೀ., ಕಾಯಿಯದು ಸುಮಾರು 31 ಮಿ.ಮೀ.; ತಾಗುವಾಗ ಅವುಗಳ ನಡುಗಳ ಅಂತರ 36 ಮಿ.ಮೀ. ಈ ಸಂಖ್ಯೆಯನ್ನು ಯಾರೂ ಲೆಕ್ಕ ಹಾಕಿ ಆಡುವುದಿಲ್ಲ, ಆದರೂ ಕಾಯಿಯ ಹಿಂದೆ ಸ್ಟ್ರೈಕರ್ ಎಲ್ಲಿ ನಿಲ್ಲಬೇಕೆಂಬುದು ಬೆರಳಿಗೆ ಗೊತ್ತಿರುತ್ತದೆ. ಹಾಗಾದರೆ ಕೇರಂನಲ್ಲಿ ಪಳಗಿದವರು ಪೂಲ್ ಮೇಜಿನ ಮುಂದೆ ಏಕೆ ತಡವರಿಸುತ್ತಾರೆ? ಕೇರಂ ಹಲಗೆಯನ್ನು ನಾವು ಮೇಲಿನಿಂದ ನೋಡುತ್ತೇವೆ; ಕಾಯಿಯ ಪೂರ್ತಿ ವೃತ್ತ, ಅದರ ಹಿಂದಿನ ಖಾಲಿ ಜಾಗ ಎರಡೂ ಕಣ್ಣಿಗೆ ಬೀಳುತ್ತವೆ. ಪೂಲ್‌ನಲ್ಲಿ ಗಲ್ಲವನ್ನು ಕ್ಯೂಗೆ ತಾಗಿಸಿ ಬಾಗಿದಾಗ ಕಾಣುವುದು ಒಂದರ ಹಿಂದೊಂದು ನಿಂತ ಎರಡು ಬಿಲ್ಲೆಗಳು ಮಾತ್ರ. ಹಿಂದಿನ ಖಾಲಿ ಜಾಗ ಅಲ್ಲಿಂದ ಸರಿಯಾಗಿ ಕಾಣುವುದಿಲ್ಲ. ಗುರಿಯ ಪದ್ಧತಿಗಳೆಲ್ಲ ಹುಟ್ಟಿರುವುದು ಮೇಲಿನಿಂದ ಯೋಚಿಸಿದ್ದನ್ನು ಹಿಂದಿನಿಂದ ನೋಡಿ ಹೊಡೆಯಬೇಕಾದ ಈ ತೊಡಕಿನಿಂದಲೇ ಎಂದು ನನ್ನ ತಿಳಿವಳಿಕೆ.

ಕಾಣದ ಚೆಂಡನ್ನು ಕಾಣುವಂತೆ ಮಾಡಿಕೊಳ್ಳಲು ಒಂದು 10 ರೂಪಾಯಿ ನಾಣ್ಯ ಸಾಕು. ಅದರ ವ್ಯಾಸ 27 ಮಿ.ಮೀ.; ಪೂಲ್ ಚೆಂಡಿನ ತ್ರಿಜ್ಯ 28.6, ಸ್ನೂಕರ್ ಚೆಂಡಿನದು 26.25 ಮಿ.ಮೀ. ಆದ್ದರಿಂದ ನಾಣ್ಯದ ಅಗಲವೇ ಹೆಚ್ಚುಕಡಿಮೆ ಅರ್ಧ ಚೆಂಡಿನ ಅಳತೆ. ಬಣ್ಣದ ಚೆಂಡನ್ನು ಮೂಲೆಯ ಪಾಕೆಟ್ಟಿನಿಂದ ಎರಡು ಅಡಿ ದೂರದಲ್ಲಿಡಿ. ಪಾಕೆಟ್ಟಿನ ಎದುರು ಬದಿಗೆ ಹೋಗಿ ನಿಂತು, ಪಾಕೆಟ್ಟಿನ ನಡುವಿನಿಂದ ಚೆಂಡಿನ ನಡುವಿನ ಮೂಲಕ ನಿಮ್ಮ ಕಡೆಗೆ ಬರುವ ಗೆರೆಯನ್ನು ಕಣ್ಣಲ್ಲಿಯೇ ಎಳೆದುಕೊಳ್ಳಿ. ಚೆಂಡಿನ ಹಿಂದಿನ ಅಂಚಿನ ನೇರ ಕೆಳಗೆ ನಾಣ್ಯದ ಒಂದು ಅಂಚು ಬರುವಂತೆ, ಅದೇ ಗೆರೆಯ ಮೇಲೆ ನಾಣ್ಯವನ್ನಿಡಿ. ನಾಣ್ಯದ ಹೊರ ಅಂಚು ಎಲ್ಲಿದೆಯೋ ಕಾಣದ ಚೆಂಡಿನ ನಡು ಅಲ್ಲಿಯೇ, ಬಟ್ಟೆಯ ಮೇಲೆ. ಆ ಬಿಂದುವನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಬಿಳಿ ಚೆಂಡಿನ ಹಿಂದಕ್ಕೆ ಬಂದು ಗೆರೆ ಕಟ್ಟಿಕೊಳ್ಳಿ, ನಾಣ್ಯವನ್ನು ತೆಗೆದು ಹೊಡೆಯಿರಿ. ಚೆಂಡುಗಳ ನಡುವೆ ಒಂದೆರಡು ಅಡಿ ಅಂತರವಿರುವ ಹೊಡೆತಗಳಿಗೆ ಈ ಅಳತೆಯ ನಿಖರತೆ ಸಾಕು. ಒಂದೇ ಜಾಗದಿಂದ ಹತ್ತು ಬಾರಿ ಹೊಡೆದು ಬಿಳಿ ಚೆಂಡಿನ ಜಾಗವನ್ನು ಬದಲಿಸಿದರೆ ಒಂದು ವಿಷಯ ಮನದಟ್ಟಾಗುತ್ತದೆ: ಬಿಳಿ ಚೆಂಡು ಎಲ್ಲಿಂದ ಬಂದರೂ ನಾಣ್ಯ ಅಲುಗಬೇಕಾಗಿಲ್ಲ, ಪಾಕೆಟ್ ಬದಲಾದರೆ ಮಾತ್ರ ಅದು ಸರಿಯಬೇಕು.

ತಾಗುವ ಬಿಂದುವನ್ನು ನೋಡಿ ಹೊಡೆಯುವ ತಪ್ಪು

ಈಗ ಮೊದಲು ಹೇಳಿದ ಕಾಯಿಲೆಯ ಮೊದಲನೆಯ ಕಾರಣಕ್ಕೆ ಬರೋಣ. ಬಣ್ಣದ ಚೆಂಡಿನ ಮೇಲೆ ತಾಗಬೇಕಾದ ಬಿಂದು ಯಾವುದೆಂದು ಹೆಚ್ಚಿನವರು ಸರಿಯಾಗಿಯೇ ಗುರುತಿಸುತ್ತಾರೆ. ಅನಂತರ ಬಿಳಿ ಚೆಂಡಿನ ನಡುವನ್ನು ಅದೇ ಬಿಂದುವಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಚೆಂಡು ಒಂದು ಚುಕ್ಕಿಯಾಗಿದ್ದರೆ ಇದು ಸರಿಯಾಗುತ್ತಿತ್ತು. ಆದರೆ ಅದು ಉಬ್ಬಿದ ಗೋಳ, ಅದರ ಬದಿಯ ಭಾಗ ನಡುವಿಗಿಂತ ಮೊದಲೇ ಬೇರೆಡೆ ತಾಗಿಬಿಡುತ್ತದೆ. ಲೆಕ್ಕ ಹೀಗಿದೆ: ಬಿಳಿ ಚೆಂಡು ಬರುವ ಗೆರೆಯಿಂದ 30 ಡಿಗ್ರಿ ತಿರುಗಿಸಬೇಕಾದ ಪೂಲ್ ಚೆಂಡಿನ ಮೇಲೆ ತಾಗುವ ಬಿಂದು, ಹೊಡೆಯುವವನ ಕಣ್ಣಿಗೆ, ಚೆಂಡಿನ ನಡುವಿನಿಂದ 14.3 ಮಿ.ಮೀ. ಬದಿಗಿರುತ್ತದೆ. ಅಲ್ಲಿಗೆ ನೇರ ಹೊಡೆದರೆ ಚೆಂಡು ತಿರುಗುವುದು 30 ಡಿಗ್ರಿಯಲ್ಲ, ಸುಮಾರು 14.5 ಡಿಗ್ರಿ ಮಾತ್ರ. ಒಂದು ಮೀಟರ್ ದೂರದ ಪಾಕೆಟ್ಟಿನ ಬಳಿಗೆ ಹೋಗುವಷ್ಟರಲ್ಲಿ ಅದು ಕಾಲು ಮೀಟರಿಗಿಂತ ಹೆಚ್ಚು ತಪ್ಪಿರುತ್ತದೆ.

ಪರಿಹಾರ ಬಹಳ ಸರಳ. ನಡುವಿನಿಂದ ತಾಗುವ ಬಿಂದುವಿಗೆ ಇರುವ ಅಂತರವನ್ನು ಎರಡರಷ್ಟು ಮಾಡಿ, ಅಲ್ಲಿಗೆ ಬಿಳಿ ಚೆಂಡಿನ ನಡುವನ್ನು ಕಳುಹಿಸಿರಿ. 14.3ರ ಎರಡರಷ್ಟು 28.6, ಅಂದರೆ ಚೆಂಡಿನ ಅಂಚು. ತಾಗುವ ಬಿಂದು ಅಂಚಿನ ಹತ್ತಿರವಿದ್ದರೆ ಎರಡರಷ್ಟು ಮಾಡಿದ ಜಾಗ ಚೆಂಡಿನ ಹೊರಗೆ, ಖಾಲಿ ಗಾಳಿಯಲ್ಲಿ ಬೀಳುತ್ತದೆ. ಅದರಿಂದ ಹೆದರಬಾರದು. ಅಂತರವನ್ನು ಎರಡರಷ್ಟು ಮಾಡುವ ಈ ಪದ್ಧತಿ ಕಾಣದ ಚೆಂಡಿನ ಪದ್ಧತಿಯ ಇನ್ನೊಂದು ಮುಖವೇ ಆಗಿದೆ. ಮೇಲಿನಿಂದ ನೋಡಿದ್ದನ್ನು ಇದು ಹಿಂದಿನಿಂದ ನೋಡುವ ಭಾಷೆಗೆ ತರುತ್ತದೆ. ಹೊಸಬರಿಗೆ ಒಂದೇ ಒಂದು ವಿಷಯವನ್ನು ಹೇಳಿಕೊಡಲು ಅವಕಾಶವಿದ್ದರೆ ನಾನು ಇದನ್ನೇ ಹೇಳಿಕೊಡುತ್ತೇನೆ.

ಚೆಂಡನ್ನು ಪಾಲು ಮಾಡಿ ನೋಡುವುದು

ಹಿಂದಿನಿಂದ ನೋಡಿದಾಗ ಬಿಳಿ ಚೆಂಡಿನ ಬಿಲ್ಲೆ ಬಣ್ಣದ ಚೆಂಡಿನ ಬಿಲ್ಲೆಯನ್ನು ಎಷ್ಟು ಮುಚ್ಚಬೇಕೆಂದು ಅಳೆಯುವುದು ಮುಂದಿನ ಪದ್ಧತಿ. ಫುಲ್ ಬಾಲ್ ಎಂದರೆ ಪೂರ್ತಿ ಮುಚ್ಚುವುದು. ಆಗ ಚೆಂಡು ನೇರ ಹೋಗುತ್ತದೆ. ಮುಕ್ಕಾಲು ಮುಚ್ಚಿದರೆ 14.5 ಡಿಗ್ರಿ, ಅರ್ಧ ಮುಚ್ಚಿದರೆ 30 ಡಿಗ್ರಿ, ಕಾಲು ಮುಚ್ಚಿದರೆ 48.6 ಡಿಗ್ರಿ, ಎಂಟನೆಯ ಒಂದು ಪಾಲು ಮಾತ್ರ ಮುಚ್ಚಿದರೆ ಸುಮಾರು 61 ಡಿಗ್ರಿ ತಿರುಗುತ್ತದೆ. ಗಣಿತ ಬಲ್ಲವರಿಗೆ ಇದರ ಸೂತ್ರ ಸುಲಭ: ಒಂದರಿಂದ ಮುಚ್ಚಿದ ಪಾಲನ್ನು ಕಳೆದರೆ ಬರುವುದೇ ತಿರುಗುವ ಕೋನದ ಸೈನ್. ಕ್ಯೂ ಹಿಡಿದು ಬಾಗಿದಾಗ ಬೇಕಾಗುವುದು ಮಾತ್ರ ಗುರಿಯ ಜಾಗ. ಹಾಫ್ ಬಾಲ್ ಹೊಡೆತಕ್ಕೆ ಬಿಳಿ ಚೆಂಡಿನ ನಡುವನ್ನು ಬಣ್ಣದ ಚೆಂಡಿನ ಅಂಚಿಗೆ ಇಡಬೇಕು. ಮುಕ್ಕಾಲು ಹೊಡೆತಕ್ಕೆ ನಡುವಿಗೂ ಅಂಚಿಗೂ ಸರಿ ಮಧ್ಯಕ್ಕೆ ಇಡಬೇಕು. ಕಾಲು ಹೊಡೆತಕ್ಕೆ ಅಂಚಿನಿಂದ ಹೊರಕ್ಕೆ ಅಷ್ಟೇ ಅಂತರದಲ್ಲಿ, ಪೂಲ್‌ನಲ್ಲಿ ಸುಮಾರು 14 ಮತ್ತು ಸ್ನೂಕರ್‌ನಲ್ಲಿ ಸುಮಾರು 13 ಮಿ.ಮೀ. ದೂರದಲ್ಲಿ, ಗುರಿಯಿಡಬೇಕು.

ಇವುಗಳಲ್ಲಿ ಹಾಫ್ ಬಾಲ್ ಹೊಡೆತವೇ ರಾಜ. ಉಳಿದ ಎಲ್ಲದರಲ್ಲಿಯೂ ಗುರಿಯ ಜಾಗವನ್ನು ಅಂದಾಜು ಮಾಡಬೇಕಾಗುತ್ತದೆ. ಇಲ್ಲಿ ಮಾತ್ರ ಅದು ಚೆಂಡಿನ ಅಂಚೆಂಬ ಸ್ಪಷ್ಟವಾದ ಗುರುತಿನ ಮೇಲೆ ಬೀಳುತ್ತದೆ. ಇನ್ನೊಂದು ಗುಣವೂ ಇದಕ್ಕಿದೆ. ಸಹಜವಾಗಿ ಉರುಳಿಬರುವ ಬಿಳಿ ಚೆಂಡು ಹಾಫ್ ಬಾಲ್ ತಾಗಿದಾಗ ತನ್ನ ಮೂಲ ಗೆರೆಯಿಂದ ಸುಮಾರು 34 ಡಿಗ್ರಿ ಓರೆಯಾಗಿ ಹೊರಡುತ್ತದೆ, ಮತ್ತು ಉರುಳುವ ಚೆಂಡು ಓರೆಯಾಗಬಹುದಾದ ಗರಿಷ್ಠ ಕೋನ ಇದಕ್ಕೆ ಬಹಳ ಹತ್ತಿರವಿದೆ. ಗರಿಷ್ಠದ ಬಳಿ ಯಾವುದೇ ಅಳತೆ ನಿಧಾನವಾಗಿ ಬದಲಾಗುತ್ತದೆ. ಆದ್ದರಿಂದ ತಾಗುವುದು ಸ್ವಲ್ಪ ದಪ್ಪವಾದರೂ ತೆಳುವಾದರೂ ಬಿಳಿ ಚೆಂಡಿನ ದಾರಿ ಹೆಚ್ಚು ಕದಲುವುದಿಲ್ಲ. ಬಿಳಿ ಚೆಂಡು ಇನ್ನೊಂದಕ್ಕೆ ತಾಗಿ ತಾನೇ ಪಾಕೆಟ್ಟಿಗೆ ಬೀಳುವ ಇನ್-ಆಫ್ ಹೊಡೆತಕ್ಕೆ ಬಿಲಿಯರ್ಡ್ಸ್‌ನಲ್ಲಿ ಅಂಕ ದೊರೆಯುತ್ತದೆ. ಆ ಆಟದ ಶಿಕ್ಷಣ ತಲೆಮಾರುಗಳಿಂದ ಹಾಫ್ ಬಾಲ್ ಇನ್-ಆಫ್‌ನ ಮೇಲೆ ನಿಂತಿರುವುದಕ್ಕೆ ಈ ಕ್ಷಮಾಗುಣವೇ ಕಾರಣ. ಮೂರು ಚೆಂಡಿನ ಬಿಲಿಯರ್ಡ್ಸ್ ಮೇಜು ಸಿಕ್ಕಿದರೆ ಪೂಲ್ ಆಟಗಾರರೂ ಒಂದು ವಾರ ಅದನ್ನು ಆಡಿ ನೋಡಬೇಕು. ಅರ್ಧ ಚೆಂಡಿನ ಚಿತ್ರ ಕಣ್ಣಿನಲ್ಲಿ ಅಚ್ಚೊತ್ತಿದಂತೆ ನಿಲ್ಲುತ್ತದೆ.

ಪಾಲುಗಳ ಪದ್ಧತಿಯ ಮಿತಿಯನ್ನೂ ಹೇಳಬೇಕು. ಮೇಜಿನ ಮೇಲೆ ಬರುವ ಕೋನಗಳು 14.5, 30, 48.6 ಎಂದು ಕಟ್ಟುನಿಟ್ಟಾಗಿ ಬರುವುದಿಲ್ಲ. 22 ಅಥವಾ 37 ಡಿಗ್ರಿ ಬಂದಾಗ “ಅರ್ಧಕ್ಕಿಂತ ತುಸು ದಪ್ಪ”, “ಅರ್ಧಕ್ಕಿಂತ ತುಸು ತೆಳು” ಎಂದು ಕಣ್ಣೇ ನಿರ್ಧರಿಸಬೇಕು. ಅದು ಲೋಪವಲ್ಲ. ಐದು ಮೈಲಿಗಲ್ಲುಗಳನ್ನು ನೆಟ್ಟುಕೊಂಡರೆ ನಡುವಿನ ದಾರಿಯನ್ನು ಅಂದಾಜು ಮಾಡುವುದು ಸುಲಭವಾಗುತ್ತದೆ.

ಇನ್ನೆರಡು ಪದ್ಧತಿಗಳು

ಸಮಾನಾಂತರ ಗೆರೆಗಳ ಪದ್ಧತಿ ಗಣಿತದಲ್ಲಿ ಪೂರ್ತಿ ನಿಖರವಾದುದು. ಪಾಕೆಟ್ಟಿನಿಂದ ಬಣ್ಣದ ಚೆಂಡಿನ ನಡುವಿನ ಮೂಲಕ ಗೆರೆ ಎಳೆದು ತಾಗುವ ಬಿಂದುವನ್ನು ಗುರುತಿಸಿ. ಅದಕ್ಕೆ ಸಮಾನಾಂತರವಾದ ಇನ್ನೊಂದು ಗೆರೆಯನ್ನು ಬಿಳಿ ಚೆಂಡಿನ ನಡುವಿನ ಮೂಲಕ ಎಳೆದರೆ, ಅದು ಬಿಳಿ ಚೆಂಡಿನ ಮುಂಬದಿಯಲ್ಲಿ ಹೊರಬರುವ ಜಾಗವೇ ಬಿಳಿ ಚೆಂಡಿನ ತಾಗುವ ಬಿಂದು. ಈ ಎರಡು ಬಿಂದುಗಳನ್ನು ಸೇರಿಸುವ ಗೆರೆಯ ದಿಕ್ಕಿಗೆ ಸಮಾನಾಂತರವಾಗಿ, ಬಿಳಿ ಚೆಂಡಿನ ನಡುವಿನ ಮೂಲಕ ಹೊಡೆಯಬೇಕು. ಕ್ಯೂವನ್ನು ಗಾಳಿಯಲ್ಲಿ ಹಿಡಿದು ಗೆರೆಯನ್ನು ಸರಿಸಿಕೊಳ್ಳುವಾಗ ಕೈ ವಾಲುವುದೇ ಇದರ ತೊಂದರೆ. ತೀರ ತೆಳುವಾದ ಹೊಡೆತಗಳಲ್ಲಿ, ಗುರಿಯ ಜಾಗ ಖಾಲಿ ಗಾಳಿಯಲ್ಲಿ ಬಿದ್ದು ಕಣ್ಣಿಗೆ ಆಸರೆ ಸಿಗದಿರುವಾಗ, ನಾನು ಇದನ್ನು ಬಳಸುತ್ತೇನೆ.

ಇತ್ತೀಚಿನ ದಶಕಗಳಲ್ಲಿ ಹೆಚ್ಚು ಚರ್ಚೆಗೆ ಬಂದಿರುವುದು ಸೆಂಟರ್ ಟು ಎಡ್ಜ್ ಎಂಬ ಪದ್ಧತಿ. ಅಮೆರಿಕದ ಹ್ಯಾಲ್ ಹೌಲ್ ಎಂಬವರು ಅದನ್ನು ಪ್ರಚಾರಕ್ಕೆ ತಂದರು, ಸ್ಟ್ಯಾನ್ ಶಫೆಟ್ ಅದನ್ನು ಬೆಳೆಸಿ ಕಲಿಸಿದರು. ಬಿಳಿ ಚೆಂಡಿನ ನಡುವಿನಿಂದ ಬಣ್ಣದ ಚೆಂಡಿನ ಅಂಚಿಗೆ ಒಂದು ಗೆರೆ, ಬಿಳಿ ಚೆಂಡಿನ ಅಂಚಿನಿಂದ ಬಣ್ಣದ ಚೆಂಡಿನ ಮೇಲಿನ ಗೊತ್ತಾದ ಒಂದು ಗುರುತಿಗೆ ಇನ್ನೊಂದು ಗೆರೆ, ಎರಡೂ ಒಟ್ಟಿಗೆ ಕಾಣುವ ಜಾಗದಲ್ಲಿ ಕಣ್ಣನ್ನು ನಿಲ್ಲಿಸಿ, ಕ್ಯೂವನ್ನು ಅರ್ಧ ಟಿಪ್ಪಿನಷ್ಟು ಬದಿಗಿಟ್ಟು, ಅಲ್ಲಿಂದ ಬಿಳಿ ಚೆಂಡಿನ ನಡುವಿಗೆ ತಿರುಗಿಸುವುದು ಇದರ ಕ್ರಮ. ಇದರಲ್ಲಿ ಕೋನವನ್ನು ಅಂದಾಜು ಮಾಡುವ ಅಗತ್ಯವೇ ಇಲ್ಲವೆಂದು ಇದನ್ನು ಮೆಚ್ಚಿದವರು ಹೇಳುತ್ತಾರೆ. ನಾನು ಇದನ್ನು ಒಪ್ಪಲಾರೆ. ಗುರುತುಗಳು ಬೆರಳೆಣಿಕೆಯಷ್ಟು, ಕೋನಗಳು ಲೆಕ್ಕವಿಲ್ಲದಷ್ಟು. ನಡುವಿನ ಕೊರತೆಯನ್ನು ಆಟಗಾರನ ಅನುಭವಿ ಕಣ್ಣು ಅವನಿಗೆ ತಿಳಿಯದಂತೆಯೇ ತುಂಬಿಕೊಡುತ್ತಿರಬೇಕು. ಹಾಗೆಂದು ಇದು ವ್ಯರ್ಥವಲ್ಲ. ಪ್ರತಿ ಹೊಡೆತಕ್ಕೂ ಕಣ್ಣು, ಕಾಲು, ಕ್ಯೂ ಮೂರನ್ನೂ ಒಂದೇ ಕ್ರಮದಲ್ಲಿ ತರುವ ಶಿಸ್ತನ್ನು ಇದು ಕಲಿಸುತ್ತದೆ, ಮತ್ತು ಇದನ್ನು ಬಳಸಿ ಚೆನ್ನಾಗಿ ಆಡುವವರಿದ್ದಾರೆ. ಆದರೆ ಮೊದಲ ವರ್ಷದಲ್ಲಿ ಇದನ್ನು ಹಿಡಿಯಬೇಡಿ ಎಂಬುದು ನನ್ನ ಸಲಹೆ. ಆ ಕೊರತೆಯನ್ನು ತುಂಬಿಕೊಡುವ ಕಣ್ಣು ಆಗ ಇನ್ನೂ ತಯಾರಾಗಿರುವುದಿಲ್ಲ.

ಘರ್ಷಣೆ ಮಾಡುವ ಮೋಸ

ಗುರಿ ಸರಿಯಿದ್ದು, ಕ್ಯೂ ನೇರ ಹೋಗಿಯೂ ಚೆಂಡು ದಪ್ಪ ಬದಿಗೇ ತಪ್ಪಿದರೆ ಎರಡನೆಯ ಕಾರಣವನ್ನು ನೋಡಬೇಕು. ಬಿಳಿ ಚೆಂಡು ಓರೆಯಾಗಿ ತಾಗುವಾಗ ಬಣ್ಣದ ಚೆಂಡಿನ ಮೈಯನ್ನು ಕ್ಷಣಮಾತ್ರ ಉಜ್ಜಿಕೊಂಡು ಹೋಗುತ್ತದೆ, ಆ ಉಜ್ಜುವಿಕೆ ಅದನ್ನು ತನ್ನ ದಿಕ್ಕಿಗೆ ಸ್ವಲ್ಪ ಎಳೆಯುತ್ತದೆ. ಇದಕ್ಕೆ ಥ್ರೋ ಎಂದು ಹೆಸರು. ಹಾಫ್ ಬಾಲ್‌ನ ಆಸುಪಾಸಿನ ಕೋನಗಳಲ್ಲಿ, ಬಿಳಿ ಚೆಂಡು ಉರುಳದೆ ಜಾರಿಕೊಂಡು ನಿಧಾನವಾಗಿ ಬಂದು ತಾಗಿದಾಗ ಇದು ಅತಿ ಹೆಚ್ಚಾಗಿ, 4–5 ಡಿಗ್ರಿಯವರೆಗೂ ಹೋಗಬಹುದು. ಒಂದು ಮೀಟರ್ ದೂರದಲ್ಲಿ 4 ಡಿಗ್ರಿ ಎಂದರೆ 70 ಮಿ.ಮೀ. ಪೂಲ್ ಮೇಜಿನ ಮೂಲೆಯ ಪಾಕೆಟ್ಟಿನ ಬಾಯಿ ಸುಮಾರು 115 ಮಿ.ಮೀ. ಅಗಲವಿರುವುದರಿಂದ ಚೆಂಡಿಗೆ ಎರಡೂ ಬದಿಗೆ ಸಿಗುವ ರಿಯಾಯಿತಿ 29 ಮಿ.ಮೀ. ಮಾತ್ರ. ಅಂದರೆ ಗುರಿಯಲ್ಲಿ ಒಂದಿಷ್ಟೂ ತಪ್ಪಿಲ್ಲದೆ, ಥ್ರೋ ಒಂದರಿಂದಲೇ ಹೊಡೆತ ತಪ್ಪಬಹುದು.

ಇದನ್ನು ಕಡಿಮೆ ಮಾಡುವ ದಾರಿಗಳಿವೆ. ಸ್ವಲ್ಪ ಮೇಲಕ್ಕೆ ಹೊಡೆದು ಬಿಳಿ ಚೆಂಡು ಉರುಳಿಕೊಂಡೇ ತಾಗುವಂತೆ ಮಾಡಿದರೆ, ಅಥವಾ ವೇಗವನ್ನು ಕೊಂಚ ಹೆಚ್ಚಿಸಿದರೆ, ಥ್ರೋ ಇಳಿಯುತ್ತದೆ. ಚೆಂಡುಗಳನ್ನು ಒಣ ಬಟ್ಟೆಯಲ್ಲಿ ಒರೆಸಿಟ್ಟರೂ ಇಳಿಯುತ್ತದೆ; ತಾಗುವ ಜಾಗದಲ್ಲಿ ಕ್ಯೂನ ಟಿಪ್ಪಿಗೆ ಹಚ್ಚುವ ಚಾಕ್‌ನ ಪುಡಿ ಅಂಟಿದ್ದರೆ ಚೆಂಡುಗಳು ಕಚ್ಚಿಕೊಂಡಂತೆ ಆಗಿ ಹೊಡೆತ ಪೂರ್ತಿ ಕೆಡುತ್ತದೆ, ಸ್ನೂಕರ್‌ನಲ್ಲಿ ಇದನ್ನು ಕಿಕ್ ಎನ್ನುತ್ತಾರೆ. ಇಷ್ಟೆಲ್ಲ ಮಾಡಿಯೂ ಉಳಿಯುವುದನ್ನು ಗುರಿಯಲ್ಲಿಯೇ ಸೇರಿಸಿಕೊಳ್ಳಬೇಕು: ನಿಧಾನವಾದ ಹಾಫ್ ಬಾಲ್ ಹೊಡೆತವನ್ನು ಅಂಚಿಗಿಂತ ಕೂದಲೆಳೆಯಷ್ಟು ಹೊರಗೆ ಹಿಡಿಯುವುದೇ ರೂಢಿಯಾಗಬೇಕು.

ಬಣ್ಣದ ಚೆಂಡು ಹೋಗಬೇಕಾದ ದಿಕ್ಕಿಗೆ ವಿರುದ್ಧ ಬದಿಯ ಸೈಡ್ ಕೊಟ್ಟರೆ ಉಜ್ಜುವಿಕೆ ಕಡಿಮೆಯಾಗಿ ಥ್ರೋ ಇಲ್ಲವಾಗುತ್ತದೆ ಎಂಬುದು ನಿಜ. ಆದರೆ ಸೈಡ್ ಬಂದೊಡನೆ ಇನ್ನೆರಡು ತೊಡಕುಗಳು ಸೇರಿಕೊಳ್ಳುತ್ತವೆ. ಬಲಬದಿಗೆ ಹೊಡೆದ ಬಿಳಿ ಚೆಂಡು ಕ್ಯೂನ ಗೆರೆ ಬಿಟ್ಟು ತುಸು ಎಡಕ್ಕೆ ಚಿಮ್ಮಿ ಹೊರಡುತ್ತದೆ. ಕ್ಯೂನ ಹಿಂಭಾಗ ಎತ್ತಿಕೊಂಡಿದ್ದರೆ ಅನಂತರ ಅದೇ ಚೆಂಡು ಬಲಕ್ಕೆ ಬಾಗುತ್ತದೆ. ಎಷ್ಟು ಚಿಮ್ಮುತ್ತದೆ ಎಂಬುದು ಕ್ಯೂ ಯಾವುದೆಂಬುದರ ಮೇಲೆ, ಎಷ್ಟು ಬಾಗುತ್ತದೆ ಎಂಬುದು ವೇಗ ಮತ್ತು ಬಟ್ಟೆಯ ಮೇಲೆ ನಿಂತಿದೆ. ಹಾಲ್‌ನ ಗೋಡೆಗೆ ಒರಗಿಸಿಟ್ಟ ಕ್ಯೂಗಳಲ್ಲಿ ದಿನಕ್ಕೊಂದನ್ನು ಎತ್ತಿಕೊಳ್ಳುವವರು ಇದನ್ನು ಕಲಿಯುವುದು ಸಾಧ್ಯವಿಲ್ಲ. ಸ್ವಂತ ಕ್ಯೂ ಬರುವವರೆಗೆ, ಕನಿಷ್ಠ ಒಂದೇ ಕ್ಯೂವನ್ನು ಗುರುತಿಟ್ಟು ಬಳಸುವವರೆಗೆ, ಸೈಡ್ ಇಲ್ಲದೆ ಆಡಿ.

ಮಳೆಗಾಲದಲ್ಲಿ ನಮ್ಮ ಕಡೆಯ ಆಟಗಾರರು ಇನ್ನೊಂದನ್ನು ಗಮನಿಸಬೇಕು. ಸಕಲೇಶಪುರ, ಮೂಡಿಗೆರೆಯ ಕಡೆ ಜಡಿಮಳೆ ಹಿಡಿದ ವಾರಗಳಲ್ಲಿ ಮೇಜಿನ ಬಟ್ಟೆ ತೇವ ಹೀರಿ ನಿಧಾನವಾಗುತ್ತದೆ, ಬೇಸಿಗೆಯಲ್ಲಿ ಕಲಿತ ಬಲದಲ್ಲಿ ಹೊಡೆದ ಚೆಂಡು ಅರ್ಧ ಅಡಿ ಹಿಂದೆಯೇ ನಿಲ್ಲುತ್ತದೆ. ಬಲವನ್ನು ಬದಲಿಸಿದಾಗ ಥ್ರೋ ಕೂಡ ಬದಲಾಗುತ್ತದೆ. ಆದ್ದರಿಂದ ಆಟ ಆರಂಭಿಸುವ ಮೊದಲು ಮೂರು ನಾಲ್ಕು ಹಾಫ್ ಬಾಲ್ ಹೊಡೆತಗಳನ್ನು ಬೇರೆ ಬೇರೆ ವೇಗದಲ್ಲಿ ಹೊಡೆದು ಆ ದಿನದ ಮೇಜನ್ನು ಅರಿತುಕೊಳ್ಳಿ.

ಕುಶನ್ನಿಗೆ ಹೊಡೆದು ಹಾಕುವ ಹೊಡೆತಗಳ ಬಗ್ಗೆ ಇಲ್ಲಿ ಒಂದೆರಡು ಮಾತು ಸಾಕು. ಕುಶನ್ನಿನ ಆಚೆ ಬದಿಗೆ ಅಷ್ಟೇ ದೂರದಲ್ಲಿ ಪಾಕೆಟ್ಟಿನ ಪ್ರತಿಬಿಂಬವಿದೆಯೆಂದು ಭಾವಿಸಿ ಅಲ್ಲಿಗೆ ಗುರಿಯಿಡುವ ಕನ್ನಡಿ ಪದ್ಧತಿ ಮಧ್ಯಮ ವೇಗದಲ್ಲಿ ಸರಿಸುಮಾರು ಸರಿಬರುತ್ತದೆ. ಬಲವಾಗಿ ಹೊಡೆದರೆ ಚೆಂಡು ಹೋದ ಕೋನಕ್ಕಿಂತ ಕಿರಿದಾದ ಕೋನದಲ್ಲಿ, ಅಂದರೆ ಕುಶನ್ನಿನಿಂದ ಹೆಚ್ಚು ನೇರವಾಗಿ, ಮರಳುತ್ತದೆ. ಪೂಲ್ ಮೇಜಿನ ಅಂಚಿನಲ್ಲಿರುವ ಡೈಮಂಡ್ ಗುರುತುಗಳು ಈ ಅಳತೆಗೆಂದೇ ಇರುವವು. ಸ್ನೂಕರ್ ಮೇಜಿನಲ್ಲಿ ಅವು ಇರುವುದಿಲ್ಲ.

ಅಭ್ಯಾಸದ ಕ್ರಮ

ದೂರ ಹೆಚ್ಚಿದಂತೆ ತಪ್ಪು ಹೇಗೆ ಬೆಳೆಯುತ್ತದೆ ಎಂಬುದನ್ನು ತಿಳಿದರೆ ಅಭ್ಯಾಸವನ್ನು ಎಲ್ಲಿಂದ ಆರಂಭಿಸಬೇಕೆಂಬುದು ತಾನಾಗಿ ತಿಳಿಯುತ್ತದೆ. ಚೆಂಡುಗಳ ನಡುವೆ ಒಂದು ಮೀಟರ್ ಅಂತರವಿದ್ದು ಕ್ಯೂ ಕೇವಲ 0.1 ಡಿಗ್ರಿ ಓರೆಯಾದರೆ, ಬಿಳಿ ಚೆಂಡು ಗುರಿಯ ಜಾಗವನ್ನು 1.75 ಮಿ.ಮೀ. ತಪ್ಪಿಸುತ್ತದೆ. ನೇರ ಹೊಡೆತದಲ್ಲಿ ಅಷ್ಟರಿಂದಲೇ ಬಣ್ಣದ ಚೆಂಡು 1.75 ಡಿಗ್ರಿ ಓರೆಯಾಗಿ, ಇನ್ನೊಂದು ಮೀಟರ್ ಹೋಗುವಷ್ಟರಲ್ಲಿ 30 ಮಿ.ಮೀ. ತಪ್ಪಿರುತ್ತದೆ, ಪಾಕೆಟ್ ಕೊಡುವ ರಿಯಾಯಿತಿ ಅಲ್ಲಿಗೆ ಮುಗಿಯಿತು. 60 ಡಿಗ್ರಿಯ ತೆಳು ಹೊಡೆತದಲ್ಲಿ ಇದೇ ತಪ್ಪು ಎರಡರಷ್ಟಾಗುತ್ತದೆ. ಆದ್ದರಿಂದ ದೂರ ಮತ್ತು ತೆಳುವನ್ನು ಒಟ್ಟಿಗೆ ಅಭ್ಯಾಸ ಮಾಡುವುದು ಸಮಯ ಹಾಳು. ಮೊದಲ ಎರಡು ವಾರ ಚೆಂಡುಗಳ ನಡುವೆ ಒಂದೂವರೆ ಅಡಿ, ಪಾಕೆಟ್ಟಿಗೆ ಎರಡು ಅಡಿ ಇಟ್ಟುಕೊಂಡು, ಹಾಫ್ ಬಾಲ್ ಒಂದನ್ನೇ ಎಡಕ್ಕೆ ಇಪ್ಪತ್ತು, ಬಲಕ್ಕೆ ಇಪ್ಪತ್ತು ಹೊಡೆಯಿರಿ. ಹಾಲ್‌ಗಳು ಬೆಳಗಿನ ಹೊತ್ತು ಖಾಲಿಯಿರುತ್ತವೆ. ಕಾಯುವವರಿಲ್ಲದಾಗ ಒಂದು ಗಂಟೆ ಮೇಜು ಹಿಡಿದು ಒಬ್ಬರೇ ಮಾಡುವ ಅಭ್ಯಾಸ ನಾಲ್ಕು ಸಂಜೆಯ ಆಟಕ್ಕೆ ಸಮ.

ಜೊತೆಗೆ ಒಂದು ಚಿಕ್ಕ ನೋಟ್‌ಬುಕ್ ಇರಲಿ. ಪುಟದ ನಡುವೆ ಗೆರೆ ಎಳೆದು ಒಂದು ಬದಿಗೆ ‘ದಪ್ಪ’, ಇನ್ನೊಂದು ಬದಿಗೆ ‘ತೆಳು’ ಎಂದು ಬರೆಯಿರಿ. ಬಿದ್ದ ಚೆಂಡನ್ನು ಲೆಕ್ಕ ಮಾಡಬೇಕಾಗಿಲ್ಲ, ತಪ್ಪಿದ್ದನ್ನು ಮಾತ್ರ ಅದರದರ ಬದಿಗೆ ಒಂದು ಗೀಟು ಹಾಕಿ. ನನ್ನ ಮೊದಲ ಪುಟದಲ್ಲಿ ದಪ್ಪದ ಬದಿಗೆ ಹದಿನೇಳು, ತೆಳುವಿನ ಬದಿಗೆ ಎರಡು ಗೀಟುಗಳಿದ್ದವು. ಎಡಕ್ಕೆ ತಿರುಗಿಸುವ ಹೊಡೆತಗಳಿಗೂ ಬಲಕ್ಕೆ ತಿರುಗಿಸುವ ಹೊಡೆತಗಳಿಗೂ ಬೇರೆ ಬೇರೆ ಪುಟ ಇಟ್ಟರೆ ಇನ್ನೂ ಒಳ್ಳೆಯದು. ಒಂದರಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು ಹೆಚ್ಚಿದ್ದರೆ ತಲೆ ತನ್ನ ಜಾಗದಲ್ಲಿಲ್ಲ ಅಥವಾ ಕ್ಯೂ ಸೊಟ್ಟ ಹೋಗುತ್ತಿದೆ ಎಂದು ತಿಳಿದು ಮೊದಲ ಹೆಜ್ಜೆಗೆ ಮರಳಿ. ಎರಡರಲ್ಲಿಯೂ ದಪ್ಪವೇ ಹೆಚ್ಚಿದ್ದರೆ ಗುರಿಯನ್ನು ಅಂಚಿನಿಂದ ಹೊರಕ್ಕೆ ಸರಿಸುತ್ತ ಹೋಗಿ. ಎರಡು ಬದಿಯ ಗೀಟುಗಳು ಹೆಚ್ಚುಕಡಿಮೆ ಸಮನಾದ ದಿನ ಹಾಫ್ ಬಾಲ್ ಬಿಟ್ಟು ಮುಕ್ಕಾಲಿಗೆ ಹೋಗಿ, ಅಲ್ಲಿಂದ ಕಾಲಿಗೆ. ಅದಾದ ಮೇಲೆ ಚೆಂಡುಗಳ ನಡುವಿನ ಅಂತರವನ್ನು ಅರ್ಧ ಅಡಿ ಹೆಚ್ಚಿಸಿ ಮತ್ತೆ ಹಾಫ್ ಬಾಲ್‌ನಿಂದಲೇ ಹೊಸ ಪುಟ ಆರಂಭಿಸಿ.